ಹೊಳೆಯ ಕೊನೆಯ 'ಇ'

ಮೈಸೂರು–ಹಾಸನ ರೈಲುದಾರಿಯಲ್ಲಿ ಹೊಳೆನರಸೀಪುರ ನಿಲ್ದಾಣದ ಹಳದಿ ಫಲಕ ಊರಿನ ಹೆಸರನ್ನು ಮೂರು ಲಿಪಿಗಳಲ್ಲಿ ಹೊತ್ತು ನಿಂತಿದೆ. ಕನ್ನಡದ ಸಾಲಿಗೂ ನಾಗರಿಯ ಸಾಲಿಗೂ ಒಂದೊಂದೇ ಓದು. ರೋಮನ್ ಸಾಲಿನ ಮೊದಲ ನಾಲ್ಕು ಅಕ್ಷರಗಳಿಗೆ ಮಾತ್ರ ಎರಡು ಓದು: ಎಚ್, ಓ, ಎಲ್, ಇ. ಕನ್ನಡ ಬಾರದ ಪ್ರಯಾಣಿಕರ ನಾಲಿಗೆಯಲ್ಲಿ ಅದು 'ಹೋಲ್', ಅಂದರೆ ತೂತು. ಪ್ಲಾಟ್‌ಫಾರಂ ಮೇಲೆ ಅಜ್ಜಿಯ ಸೆರಗು ಹಿಡಿದು ನಿಂತ ಹುಡುಗನಿಗೆ ಅದು 'ಹೊಳೆ'. ಊರಿನ ಮಗ್ಗುಲಲ್ಲೇ ಹರಿಯುವ ಹೇಮಾವತಿ ಅವನ ಪರವಾಗಿ ಸಾಕ್ಷಿ ಹೇಳುತ್ತಾಳೆ.

ಇದೇ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರ ಆರನೇ ತರಗತಿಗೆ ಬನ್ನಿ. ಬಿಸಿಯೂಟ ಈಗಷ್ಟೇ ಮುಗಿದಿದೆ. ತಟ್ಟೆ ತೊಳೆದು ಬಂದ ಮಕ್ಕಳು ಒದ್ದೆ ಕೈಯನ್ನು ಯೂನಿಫಾರಂಗೆ ಒರೆಸಿಕೊಳ್ಳುತ್ತ ಕೂತಿದ್ದಾರೆ. ಮೇಡಂ ಹಲಗೆಯ ಮೇಲೆ ಅವೇ ನಾಲ್ಕು ಅಕ್ಷರ ಬರೆದು, "ಓದ್ರಪ್ಪ" ಅಂದರು. "ಹೊಳೆ, ಮಿಸ್!" ಇಡೀ ತರಗತಿ ಒಂದೇ ಕೊರಳಿನಲ್ಲಿ ಕೂಗಿತು. ಮೇಡಂ ತಪ್ಪು ಅನ್ನಲಿಲ್ಲ. "ನಮ್ಮೂರಿನ ಹೆಸ್ರಲ್ಲಿ ಹೌದು, ಹೊಳೆನೇ. ಇಂಗ್ಲಿಷ್ ಪುಸ್ತಕದಲ್ಲಿ ಇದೇ ನಾಲ್ಕು ಅಕ್ಷರ ಬಂದ್ರೆ ಏನಂತಾರೆ, ನೋಡಣ." ಅಲ್ಲಿಂದ ಪಾಠ ಶುರುವಾಯಿತು.

ಮೇಡಂ ತಪ್ಪು ಅನ್ನದೆ ಇದ್ದದ್ದು ದೊಡ್ಡ ಸಂಗತಿ. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಇಂಗ್ಲಿಷ್ ಓದಿಸುವಾಗ 'ನಾಮೆ', 'ಗಾಮೆ', 'ಕಾಕೆ', 'ಟಿಮೆ' ಎಂಬ ಓದು ಎಲ್ಲೆಲ್ಲೂ ಕೇಳಿಸುತ್ತದೆ. ನೇಮ್, ಗೇಮ್, ಕೇಕ್, ಟೈಮ್ ಮಕ್ಕಳ ಬಾಯಲ್ಲಿ ಹೀಗಾಗುತ್ತವೆ. ಹಿಂದಿನ ಬೆಂಚು ಕಿಸಕ್ಕನೆ ನಗುತ್ತದೆ, ಓದಿದ ಮಗು ತಲೆ ತಗ್ಗಿಸುತ್ತದೆ, ಮರುದಿನದಿಂದ ಪುಸ್ತಕದಲ್ಲಿ ಇಂಗ್ಲಿಷ್ ಪದಗಳ ನೆತ್ತಿಯ ಮೇಲೆ ಪೆನ್ಸಿಲ್‌ನಲ್ಲಿ ಕನ್ನಡ ಅಕ್ಷರಗಳು ಕೂರುತ್ತವೆ. ಮಗು ಆಮೇಲೆ ಓದುವುದು ಆ ಪೆನ್ಸಿಲ್ ಸಾಲನ್ನು. ಅಚ್ಚಾದ ಪದದ ಕಡೆ ಅದರ ಕಣ್ಣು ಮತ್ತೆ ಹೊರಳುವುದೇ ಇಲ್ಲ.

ಆದರೆ 'ನಾಮೆ' ಎಂದು ಓದಿದ ಮಗುವಿನ ತಲೆಯಲ್ಲಿ ನಡೆದದ್ದನ್ನು ಬಿಡಿಸಿ ನೋಡಿದರೆ ಅದರಲ್ಲಿ ಒಂದೂ ಕೊಂಕಿಲ್ಲ. ಬರೆದ ಅಕ್ಷರವೆಲ್ಲ ನುಡಿಯಬೇಕು ಎಂಬುದು ಕನ್ನಡ ಕಲಿತ ಮಗುವಿಗೆ ಬಳಪ ಹಿಡಿದ ದಿನದಿಂದ ಬಂದ ನಂಬಿಕೆ. ಅದರ ಮೇಲೆ ಈ ಸೀಮೆಯ ಊರುಗಳೇ ರೋಮನ್ 'ಇ'ಯನ್ನು ಮಾತಾಡಿಸುತ್ತವೆ. ಅರಸೀಕೆರೆಯ ಬಸ್ಸಿನ ಬೋರ್ಡ್ ನೋಡಿ, ಕೊನೆಗೊಂದು 'ಇ'. ಹಾಸನ–ಹೊಳೆನರಸೀಪುರ ರಸ್ತೆಯಲ್ಲಿ ಹೊಯ್ಸಳರ ಜೋಡಿ ಗುಡಿಗಳಿರುವ ಮೊಸಳೆ, ಅದರಾಚೆಯ ಮಾವಿನಕೆರೆ, ಚನ್ನರಾಯಪಟ್ಟಣದ ಕಡೆಯ ಹಿರೀಸಾವೆ, ಎಲ್ಲದರ ಕೊನೆಯಲ್ಲೂ ಅದೇ ಅಕ್ಷರವಿದೆ, ಎಲ್ಲ ಕಡೆಯೂ ಅದು ಬಾಯಿಬಿಟ್ಟು ನುಡಿಯುತ್ತದೆ. 1996ರಲ್ಲಿ ಪ್ರಧಾನಿಯಾದ, ಇದೇ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರ ಹೆಸರನ್ನು ದೇಶದ ಪತ್ರಿಕೆಗಳು ಬರೆದದ್ದೂ ಹಾಗೆಯೇ: ಡಿ, ಇ, ವಿ, ಇ. 2014ರ ರಾಜ್ಯೋತ್ಸವದಂದು ಕರ್ನಾಟಕ ಸರ್ಕಾರ 12 ನಗರಗಳ ಇಂಗ್ಲಿಷ್ ಹೆಸರನ್ನು ಬದಲಿಸಿದಾಗ 'ಹಾಸ್ಪೆಟ್' ಹೋಗಿ 'ಹೊಸಪೇಟೆ' ಬಂತು. ಪದದ ಕೊನೆಗೆ ಇನ್ನೊಂದು ಮಾತಾಡುವ 'ಇ' ಸೇರಿತು. ಹೀಗೆ ದಾರಿಯುದ್ದಕ್ಕೂ 'ಇ' ಎಂದರೆ 'ಎ' ಎಂದು ಕಲಿಸಿ, ತರಗತಿಯೊಳಗೆ ಬಂದ ಕೂಡಲೇ ಅದು ಮೌನ ಎಂದರೆ ಮಗು ತಬ್ಬಿಬ್ಬಾಗದೆ ಇನ್ನೇನು ಮಾಡೀತು?

ಆರನೇ ತರಗತಿಯ ಮೇಡಂ ಹಿಡಿದ ದಾರಿ ನನಗೆ ಬಹಳ ಹಿಡಿಸಿತು. ಅವರು ಇಂಗ್ಲಿಷಿನಿಂದ ಹೊರಡಲಿಲ್ಲ, ಕಾಗುಣಿತದಿಂದ ಹೊರಟರು. ಹಲಗೆಯ ಎಡಗಡೆ 'ಕೆರೆ' ಬರೆದರು. ಮಕ್ಕಳು ಓದಿದರು. ಮೊದಲ ಅಕ್ಷರದ ಪಕ್ಕಕ್ಕೆ ದೀರ್ಘದ ಗುರುತೊಂದನ್ನು ಎಳೆದರು. "ಕೇರೆ! ಕೇರೆ ಹಾವು ಮಿಸ್!" 'ಬೆಳೆ'ಗೆ ದೀರ್ಘ ಎಳೆದರೆ 'ಬೇಳೆ'. 'ಬಿಡು'ವಿಗೆ ಎಳೆದರೆ 'ಬೀಡು'. 'ಕೊಡು'ವಿಗೆ ಎಳೆದರೆ 'ಕೋಡು'. ಆಮೇಲೆ ಮೇಡಂ ಆ ಗುರುತೊಂದನ್ನೇ ಹಲಗೆಯ ನಡುವೆ ದೊಡ್ಡದಾಗಿ ಬರೆದು, "ಇದನ್ನ ಓದಿ" ಅಂದರು. ತರಗತಿ ಸುಮ್ಮನಾಯಿತು. ಮೂರನೇ ಸಾಲಿನ ಹುಡುಗಿ ಎದ್ದು ಹೇಳಿದಳು: "ಅದನ್ನ ಒಂದನ್ನೇ ಓದಕ್ಕೆ ಬರಲ್ಲ ಮಿಸ್. ಪಕ್ಕದಲ್ಲಿರೋದನ್ನ ಎಳೆದು ಹೇಳ್ಬೇಕು ಅಷ್ಟೆ."

ಮೂಕ 'ಇ'ಯ ಪಾಠ ಅಲ್ಲೇ ಮುಗಿದಿತ್ತು ಎನ್ನಬಹುದು. ತಾನು ನುಡಿಯದೆ ಹಿಂದಿನ ಸ್ವರವನ್ನು ಬದಲಿಸುವ ಗುರುತು ಈ ಮಕ್ಕಳಿಗೆ ಹೊಸದೇ ಅಲ್ಲ. 'ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ' ಎಂದು ಒಂದನೇ ತರಗತಿಯಲ್ಲಿ ರಾಗವಾಗಿ ಹಾಡಿಕೊಂಡೇ ಬೆಳೆದವರು ಅವರು. ಇಂಗ್ಲಿಷಿನಲ್ಲಿ ಆ ಗುರುತು ಸ್ವರದ ಮಗ್ಗುಲಲ್ಲೇ ಕೂರದೆ, ನಡುವೆ ಒಂದು ವ್ಯಂಜನ ಬಿಟ್ಟು ಆಚೆ ನಿಲ್ಲುತ್ತದೆ. ಕಾಣುವ ವ್ಯತ್ಯಾಸ ಇಷ್ಟೇ. ಹಲಗೆಯ ಬಲಗಡೆ ಟಿ-ಎ-ಪಿ, ಟ್ಯಾಪ್ ಬಂತು. ಶಾಲೆಯ ಮುಂದಿನ ನಲ್ಲಿಯ ಕಡೆ ಎಲ್ಲರೂ ಕೈ ತೋರಿಸಿದರು. 'ಇ' ಸೇರಿಸಿದರೆ ಟೇಪ್. ಕಿಟ್–ಕೈಟ್. ಪಿನ್–ಪೈನ್. ಹಾಪ್–ಹೋಪ್. ಕಟ್–ಕ್ಯೂಟ್ ಬಂದಾಗ ಹುಡುಗಿಯರ ಸಾಲಿನಲ್ಲಿ ನಗು ಎದ್ದಿತು. ಟೀವಿಯಲ್ಲಿ ದಿನಾ ಕೇಳುವ ಮಾತು. "ಜಗಲಿ ಮೇಲೆ ಕೂತಿರೋ ತಾತ ಬಾಯಿ ಬಿಡಲ್ಲ, ಆದ್ರೆ ತಾತ ಕೂತವ್ರೆ ಅಂತ ಗೊತ್ತಾದ್ರೆ ಒಳಗಿರೋ ಹುಡುಗ ನೆಟ್ಟಗೆ ನಿಂತು ತನ್ನ ಹೆಸ್ರು ಹೇಳ್ತಾನೆ. ಹಂಗೇ ಇದು" ಅಂದರು ಮೇಡಂ. ನಿಜಕ್ಕೂ ಹಾಗೆಯೇ. ಕೊನೆಯಲ್ಲಿ 'ಇ' ಇದ್ದಾಗ ನಡುವಿನ ಸ್ವರಾಕ್ಷರ ವರ್ಣಮಾಲೆಯಲ್ಲಿ ತನಗಿರುವ ಹೆಸರನ್ನೇ ನುಡಿಯುತ್ತದೆ: ಏ, ಐ, ಓ, ಯೂ.

ಕೈಟ್‌ನಲ್ಲಿ ಕಿಟ್ ಪದದ 'ಇ' ಸ್ವರ 'ಈ' ಆಗದೆ 'ಐ' ಯಾಕಾಯಿತು ಎಂದು ಯಾವುದಾದರೂ ಮಗು ಕೇಳಿದರೆ, ಕೇಳಲೇಬೇಕು, ಉತ್ತರಕ್ಕೆ ಆರು ಶತಮಾನ ಹಿಂದೆ ಹೋಗಬೇಕಾಗುತ್ತದೆ. 1400ರಲ್ಲಿ ತೀರಿಕೊಂಡ ಕವಿ ಚಾಸರ್‌ನ ಕಾಲದ ಇಂಗ್ಲಿಷಿನಲ್ಲಿ ಈ ಕೊನೆಯ 'ಇ' ಮೂಕವಾಗಿರಲಿಲ್ಲ. ಹೆಸರು ಎಂಬ ಅರ್ಥದ ಪದವನ್ನು ಆಗಿನ ಇಂಗ್ಲಿಷರು ಹೆಚ್ಚುಕಡಿಮೆ 'ನಾಮೆ' ಎಂದೇ ಅನ್ನುತ್ತಿದ್ದರು. ಕಾಲ ಎಂಬ ಅರ್ಥದ್ದು 'ಟೀಮೆ'. ಅಂದರೆ ಹೊಳೆನರಸೀಪುರದ ಹುಡುಗ ಇಂದು ಓದುವುದು ಒಂದು ಕಾಲದ ಲಂಡನ್ನಿನ ನಡೆನುಡಿಗೆ ತೀರ ಹತ್ತಿರ. ಚಾಸರ್ ತೀರಿಕೊಳ್ಳುವ ಹೊತ್ತಿಗೇ ಕೊನೆಯ ಸ್ವರ ಜನರ ಬಾಯಿಂದ ಉದುರತೊಡಗಿತ್ತು. ಆಮೇಲಿನ ಎರಡು-ಮೂರು ಶತಮಾನಗಳಲ್ಲಿ ದೀರ್ಘಸ್ವರಗಳೆಲ್ಲ ಬಾಯೊಳಗೆ ಜಾಗ ಬದಲಿಸಿದವು. 'ಆ' ಇದ್ದದ್ದು 'ಏ' ಕಡೆಗೆ ಏರಿತು, 'ಈ' ಇದ್ದದ್ದು 'ಐ' ಆಯಿತು. ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದದ್ದು ಈ ಅದಲುಬದಲಿನ ನಡುವೆ. ಮಾತು ಮುಂದೆ ಸಾಗಿತು, ಅಚ್ಚಿನ ಮೊಳೆಗಳು ಹಳೆಯ ಕಾಗುಣಿತವನ್ನೇ ಹಿಡಿದು ನಿಂತವು.

ಉಳಿದುಬಿಟ್ಟ ಆ ಅಕ್ಷರಕ್ಕೆ ಒಂದು ಕೆಲಸವಿದೆ ಎಂದು ಬರೆದಿಟ್ಟವರಲ್ಲಿ ಒಬ್ಬರು ಶಾಲಾ ಮೇಷ್ಟ್ರು ಎಂಬುದು ನನಗೆ ಸಂತೋಷ ಕೊಡುವ ಸಂಗತಿ. ಲಂಡನ್ನಿನ ಮರ್ಚೆಂಟ್ ಟೇಲರ್ಸ್ ಶಾಲೆಯ ಮುಖ್ಯೋಪಾಧ್ಯಾಯ ರಿಚರ್ಡ್ ಮಲ್ಕಾಸ್ಟರ್ 1582ರಲ್ಲಿ ಹೊರತಂದ 'ಎಲಿಮೆಂಟರಿ' ಎಂಬ ಪುಸ್ತಕದಲ್ಲಿ, ಕೊನೆಯ ಮೂಕ 'ಇ' ಹಿಂದಿನ ಸ್ವರ ಹೇಗೆ ನುಡಿಯಬೇಕೆಂದು ತೋರಿಸುತ್ತದೆ ಎಂದು ವಿವರಿಸಿದರು. ತನ್ನೆದುರು ಕೂತ ಹುಡುಗರು ತಡವರಿಸುವುದನ್ನು ದಿನವೂ ಕಂಡ ಮನುಷ್ಯನಿಗೆ ಇದನ್ನು ಬಿಡಿಸಿ ಹೇಳಬೇಕೆನ್ನಿಸಿದ್ದು ಸಹಜ.

ಹಾಸನದ ಪೇಟೆಗೆ ಹೋಗೋಣ. ಮೇ ತಿಂಗಳು ಬಂದರೆ ಎಪಿಎಂಸಿಯ ಸುತ್ತ ಪಂಜಾಬಿನ ಜಲಂಧರ್‌ನಿಂದ ಬಂದ ಬಿತ್ತನೆ ಆಲೂಗಡ್ಡೆಯ ಮೂಟೆಗಳು, ಟ್ರ್ಯಾಕ್ಟರುಗಳ ಸಾಲು, ಗಡ್ಡೆ ಹೆಚ್ಚಿ ಕಣ್ಣು ನೋಡುವ ರೈತರು. ಮಳೆ ಹಿಡಿದು, ಶಾಲೆ ಶುರುವಾಗುವ ಹೊತ್ತಿಗೆ ಬಿತ್ತನೆ ಒಂದು ಹದಕ್ಕೆ ಬಂದಿರುತ್ತದೆ. ಅಂಥ ದಿನಗಳಲ್ಲಿ ಇಲ್ಲಿನ ಇಂಗ್ಲಿಷ್ ಮೇಷ್ಟ್ರೊಬ್ಬರು ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಮನೆಗೆಲಸ ನನಗೆ ಪಾಠಪುಸ್ತಕಕ್ಕಿಂತ ಬೆಲೆಯುಳ್ಳದ್ದಾಗಿ ಕಂಡಿತು: ಮನೆಗೆ ಹೋಗುವ ದಾರಿಯಲ್ಲಿ ಕಾಣುವ ಬೋರ್ಡುಗಳಲ್ಲಿ 'ಇ'ಯಿಂದ ಮುಗಿಯುವ ಪದಗಳನ್ನೆಲ್ಲ ಬರೆದು ತನ್ನಿ.

ಮರುದಿನ ನೋಟ್‌ಬುಕ್ಕುಗಳು ಪೇಟೆಯನ್ನೇ ಹೊತ್ತು ಬಂದವು. ಸೈಟ್ ಫಾರ್ ಸೇಲ್. ರೈಸ್ ಮಿಲ್. ಸ್ಟೇಟ್ ಬ್ಯಾಂಕ್. ಗ್ರಾನೈಟ್. ಮೊಬೈಲ್. ಫೈನಾನ್ಸ್. ಪೋಸ್ಟ್ ಆಫೀಸ್. ಕಾಲೇಜ್. ಕೋಲ್ಡ್ ಸ್ಟೋರೇಜ್. ಕೇಕ್ ಅಂತೂ ಎಲ್ಲರ ಪಟ್ಟಿಯಲ್ಲೂ ಇತ್ತು. ಮೇಷ್ಟ್ರು ಪದಗಳನ್ನು ಗುಂಪು ಮಾಡಿಸಿದರು. ಸೈಟ್, ಸೇಲ್, ಸ್ಟೇಟ್, ಕೇಕ್ ಸಲೀಸಾಗಿ ಒಂದು ಕಡೆ ಕೂತವು. ಗಲಾಟೆ ಶುರುವಾದದ್ದು ಆಫೀಸ್ ಬಂದಾಗ. ನಿಯಮ ಚೆನ್ನಾಗಿ ಕಲಿತ ಹುಡುಗನೊಬ್ಬ ಗಟ್ಟಿಯಾಗಿ 'ಆಫೈಸ್' ಎಂದು ಓದಿದ. ಕಲಿತದ್ದನ್ನು ನಂಬಿ ಓದಿದವನನ್ನು ಬೈಯುವುದು ಹೇಗೆ? ಮೇಷ್ಟ್ರು ಆ ಪದದ ಕೊನೆಯ 'ಇ'ಯನ್ನು ಅಂಗೈಯಲ್ಲಿ ಮುಚ್ಚಿ, "ಈಗ ಓದು" ಅಂದರು. 'ಆಫಿಕ್'. ಕೈ ತೆಗೆದರು. 'ಆಫೀಸ್'. ಅಲ್ಲಿ 'ಇ' ನಿಂತಿರುವುದು 'ಸಿ'ಗೋಸ್ಕರ, ಅದನ್ನು 'ಕ' ಆಗಗೊಡದೆ 'ಸ' ಮಾಡಲಿಕ್ಕೆ. ಕಾಲೇಜ್, ಸ್ಟೋರೇಜ್ ಪದಗಳಲ್ಲಿ ಅದು 'ಜಿ'ಯನ್ನು ಕಾಯುತ್ತದೆ. ಇಲ್ಲದಿದ್ದರೆ 'ಗ' ಆಗಿಬಿಡುತ್ತಿತ್ತು. ರೈಸ್ ಯಾವ ಗುಂಪಿಗೆ ಎಂಬ ಪ್ರಶ್ನೆಗೆ ತರಗತಿ ಎರಡು ಪಕ್ಷವಾಯಿತು. ಸ್ವರವೂ ಬದಲಾಗಿದೆ, 'ಸಿ'ಯೂ ಮೆದುವಾಗಿದೆ. "ಎರಡು ಕೆಲಸಾನೂ ಅದೊಂದೇ ಮಾಡ್ತಾ ಐತೆ ಸಾ" ಎಂದು ಕಿಟಕಿ ಪಕ್ಕದ ಹುಡುಗ ತೀರ್ಪು ಕೊಟ್ಟ. ರೈಸ್ ಎರಡೂ ಗುಂಪಿನ ಗಡಿಯ ಮೇಲೆ ಕೂತಿತು.

ಇಂಥ ಪಾಠಕ್ಕೆ ಬಿಡುವು ಸಿಗುವುದು ಕಷ್ಟ ಎಂಬುದೂ ನಿಜ. ಕನ್ನಡ ಮಾಧ್ಯಮದ ಮಕ್ಕಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಯಾಗಿ ಇಂಗ್ಲಿಷಿಗೆ 100 ಅಂಕ, ಅದರಲ್ಲಿ 80 ಬರವಣಿಗೆಗೆ. 2019ರಲ್ಲಿ ಹಾಸನ ಜಿಲ್ಲೆ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲಾಯಿತು. ಆ ಹೆಮ್ಮೆಯ ಜತೆ ಒತ್ತಡವೂ ಉಳಿದಿದೆ. ಪ್ರಶ್ನೋತ್ತರ ಬಾಯಿಪಾಠ ಮಾಡಿಸಿದರೆ ಅಂಕ ಬೇಗ ಬರುತ್ತದೆ. ಈಗ ನಲವತ್ತು ದಾಟಿದ ಮೇಷ್ಟ್ರುಗಳು ತಾವು ಎಬಿಸಿಡಿ ಕಂಡದ್ದೇ ಐದನೇ ತರಗತಿಯಲ್ಲಿ, ಕಲಿತದ್ದು 'ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದ್ರೆ ಬೆಕ್ಕು' ಎಂಬ ರಾಗದಲ್ಲಿ. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಗೇ ಇಂಗ್ಲಿಷ್ ಬಂದದ್ದು 2007–08ರ ಸಾಲಿನಿಂದ. ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿರುವ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತ ಬಂದಿದೆ. ಆದರೂ ಸ್ಪೆಲ್ಲಿಂಗ್ ಎಂದರೆ ಕಾರಣವಿಲ್ಲದ ಹಟ, ನೂರು ಸಲ ಬರೆದು ತಲೆಗೆ ಇಳಿಸಬೇಕಾದದ್ದು ಎಂಬ ಎಣಿಕೆ ಗಟ್ಟಿಯಾಗಿ ಕೂತಿದೆ. ತಪ್ಪಾದ ಪದವನ್ನು ಪುಟಗಟ್ಟಲೆ ಬರೆಸುವ ಇಂಪೊಸಿಶನ್ ಬಗ್ಗೆ ನನಗೆ ಸಿಟ್ಟಿದೆ. ಎರಡನೇ ಪುಟದ ಹೊತ್ತಿಗೆ ಮಗುವಿನ ಕೈ ಬರೆಯುತ್ತಿರುತ್ತದೆ, ಕಣ್ಣು ಪದವನ್ನು ನೋಡುವುದನ್ನು ನಿಲ್ಲಿಸಿರುತ್ತದೆ. ಅದೇ ಹೊತ್ತಿನಲ್ಲಿ ಒಂದು ಕಾರಣ ಹೇಳಿಕೊಟ್ಟಿದ್ದರೆ ಆ ಪದದ ಜತೆ ಇನ್ನೂ ಐವತ್ತು ಪದ ಮಗುವಿನ ಕೈಗೆ ಸಿಗುತ್ತಿತ್ತು.

ಅರಕಲಗೂಡು ತಾಲ್ಲೂಕಿನ ಒಂದು ಹಟ್ಟಿ. ಹೊಗೆಸೊಪ್ಪಿನ ಕಾಲ. ಅಂಗಳದಲ್ಲಿ ಹಸಿ ಸೊಪ್ಪಿನ ರಾಶಿ, ಹಿಂದೆ ಸೊಪ್ಪು ಹದಮಾಡುವ ಬ್ಯಾರನ್, ಅದರ ಒಲೆಯ ಬಾಯಲ್ಲಿ ಸೌದೆ. ತಾಯಿ ಕಡ್ಡಿಗೆ ಎಲೆ ಕಟ್ಟುತ್ತ ಕೂತಿದ್ದಾಳೆ. ಎಲೆಯ ಅಂಟು ಬೆರಳಿಗೆ ಹತ್ತಿ ಕಪ್ಪಾಗಿದೆ. ಪಕ್ಕದಲ್ಲಿ ಏಳನೇ ತರಗತಿಯ ಮಗ ಬಲ್ಬಿನ ಬೆಳಕಿಗೆ ಇಂಗ್ಲಿಷ್ ಪುಸ್ತಕ ಹಿಡಿದು ಓದುತ್ತಿದ್ದಾನೆ. ಶಾಲೆಯಲ್ಲಿ ಮೂಕ 'ಇ' ಹೇಳಿಕೊಟ್ಟಾಗಿದೆ. ಅವನು ನಿಯತ್ತಿನಿಂದ 'ಐ ಹೇವ್' ಎಂದ. ಮುಂದೆ 'ಗೈವ್' ಬಂತು. ಪಿಯುಸಿ ಓದುವ ಅಕ್ಕ ಒಳಗಿನಿಂದಲೇ "ಹ್ಯಾವ್ ಕಣೋ, ಗಿವ್ ಕಣೋ" ಎಂದು ತಿದ್ದಿದಳು. "ಕೊನೇಲಿ ಇ ಐತಲ್ಲಕ್ಕ?" ಎಂದ ಅವನು. ತಾಯಿ ಕಡ್ಡಿಯಿಂದ ತಲೆ ಎತ್ತದೆ ಕೇಳಿದಳು: "ಬರಿಯೋದೊಂದು, ಓದೋದೊಂದಾ? ಯಾಕ್ ಮಗಾ ಹಂಗೆ?"

ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ತಾಯಿ ಕೇಳಿದ ಈ ಪ್ರಶ್ನೆಯನ್ನು ಇಂಗ್ಲಿಷ್ ಕಲಿಸುವ ಪ್ರತಿಯೊಬ್ಬರೂ ಎದುರಿಸಬೇಕು, ಮತ್ತು ಅದಕ್ಕೆ ಉತ್ತರ ಇದೆ. ಇಂಗ್ಲಿಷ್ ಬರಹದಲ್ಲಿ ಹದಿನೇಳನೆಯ ಶತಮಾನದವರೆಗೂ 'ಯು' ಮತ್ತು 'ವಿ' ಒಂದೇ ಅಕ್ಷರದ ಎರಡು ರೂಪಗಳು. ಪದದ ಕೊನೆಯಲ್ಲಿ ಆ ಅಕ್ಷರ ಬಂದರೆ ಅದು ಸ್ವರವೋ ವ್ಯಂಜನವೋ ತಿಳಿಯುತ್ತಿರಲಿಲ್ಲ. ಒಂದು 'ಇ' ಇಟ್ಟರೆ 'ವ' ಎಂದು ಗೊತ್ತಾಗುತ್ತಿತ್ತು. ಆಮೇಲೆ ಅಕ್ಷರಗಳು ಬೇರೆಯಾದವು, ರೂಢಿ ಹಾಗೇ ಉಳಿಯಿತು. ಇಂದಿಗೂ ಇಂಗ್ಲಿಷಿನ ಹಳೆಯ ಪದಗಳು 'ವಿ'ಯಿಂದ ಮುಗಿಯುವುದಿಲ್ಲ. ಹ್ಯಾವ್, ಗಿವ್, ಲಿವ್, ಲವ್ ಎಲ್ಲಕ್ಕೂ ಕೊನೆಗೊಂದು 'ಇ' ಇದ್ದೇ ಇದೆ. ಕಮ್, ಸಮ್, ಲವ್ ಪದಗಳಲ್ಲಿ 'ಯು' ಇರಬೇಕಾದಲ್ಲಿ 'ಓ' ಕೂತದ್ದಕ್ಕೂ ಕೈಬರಹವೇ ಕಾರಣ. ಹಳೆಯ ಲಿಪಿಕಾರರ ಬರವಣಿಗೆಯಲ್ಲಿ ಯು, ವಿ, ಎಂ, ಎನ್ ಅಕ್ಷರಗಳೆಲ್ಲ ಒಂದೇ ಬಗೆಯ ನೆಟ್ಟ ಗೀಟುಗಳು. ಸಾಲಾಗಿ ಬಂದರೆ ಎಲ್ಲಿ ಒಂದಕ್ಷರ ಮುಗಿದು ಇನ್ನೊಂದು ಶುರುವಾಯಿತು ಎಂದು ಹೇಳುವುದೇ ಕಷ್ಟವಾಗಿ, ನಡುವೆ ದುಂಡನೆಯ 'ಓ' ಬರೆದು ಬಿಡಿಸಿದರು. ಇಷ್ಟನ್ನೂ ಏಳನೇ ತರಗತಿಯವನಿಗೆ ಒಂದೇ ಸಂಜೆ ಹೇಳಬೇಕಿಲ್ಲ. 'ವಿ' ಒಂಟಿಯಾಗಿ ಕೊನೆಯಲ್ಲಿ ನಿಲ್ಲುವುದಿಲ್ಲ, ಅದಕ್ಕೊಂದು ಜತೆ ಬೇಕು ಎಂದರೆ ಸಾಕು. ಅಕ್ಕ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಹುಡುಗ ಪುಸ್ತಕ ತಿರುವಿ ಹಾಕಿ ಅಂಥ ಇನ್ನೊಂದು ಪದ ಹುಡುಕತೊಡಗಿದ. ತಾಯಿ ಇನ್ನೊಂದು ಕಡ್ಡಿ ತೆಗೆದುಕೊಂಡಳು.

ಚನ್ನರಾಯಪಟ್ಟಣದ ಕಡೆಯ ಮಕ್ಕಳಿಗೆ ಇನ್ನೊಂದು ಭಾಗ್ಯವಿದೆ. ಬರಹ ಹೇಗೆ ಬೆಳೆಯುತ್ತದೆ ಎಂಬುದನ್ನು ಅವರು ಬಂಡೆಯ ಮೇಲೇ ನೋಡಬಹುದು. ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 500ಕ್ಕೂ ಹೆಚ್ಚು ಶಾಸನಗಳಿವೆ, ಶಾಸನತಜ್ಞ ಬಿ.ಎಲ್. ರೈಸ್ ಅವರು ಇಲ್ಲಿನ ಶಾಸನಗಳ ಸಂಪುಟವನ್ನು 1889ರಲ್ಲೇ ಹೊರತಂದರು. ಗೊಮ್ಮಟನ ಬೆಟ್ಟಕ್ಕೆ ಎದುರಿನ ಚಿಕ್ಕಬೆಟ್ಟವನ್ನು ಶಾಲಾ ಪ್ರವಾಸದ ಮಕ್ಕಳು ಹತ್ತುವುದು ಕಡಿಮೆ. ಹತ್ತಿದ ಒಂದು ತಂಡದ ಜತೆ ನಿಂತು ನೋಡಿದೆ. ಬಿಸಿಲಿಗೆ ಕಾದ ಬಂಡೆಯ ಮೇಲೆ ಮಂಡಿಯೂರಿ, ಮಕ್ಕಳು ಬೆರಳಿನಿಂದ ಅಕ್ಷರದ ತೋಡುಗಳನ್ನು ಹಿಂಬಾಲಿಸುತ್ತಿದ್ದರು. "ಇದು ಕನ್ನಡನಾ ಸಾರ್?" ಕನ್ನಡವೇ. ಆದರೆ ಆ ಕಾಲದ ಬರಹದಲ್ಲಿ ಹ್ರಸ್ವ ಎಕಾರಕ್ಕೂ ದೀರ್ಘ ಏಕಾರಕ್ಕೂ, ಒಕಾರಕ್ಕೂ ಓಕಾರಕ್ಕೂ ಬೇರೆ ಬೇರೆ ಗುರುತಿರಲಿಲ್ಲ. ಕೆರೆಯೋ ಕೇರೆಯೋ, ಓದುವವರು ಸಂದರ್ಭ ನೋಡಿ ತಿಳಿದುಕೊಳ್ಳಬೇಕು. ಇದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದ ಬರಹವೂ ಹಾಗೆಯೇ. ನಾವು ಇಂದು ಸಲೀಸಾಗಿ ಎಳೆಯುವ ದೀರ್ಘದ ಗುರುತು ಎಷ್ಟೋ ತಲೆಮಾರುಗಳ ಓದುಗರ ತೊಡಕನ್ನು ನೀಗಲು ಆಮೇಲೆ ಬಂದದ್ದು. ನಮ್ಮವರು ಅದಕ್ಕೊಂದು ಹೊಸ ಗುರುತು ಹಚ್ಚಿದರು; ಇಂಗ್ಲಿಷರು ನುಡಿ ನಿಲ್ಲಿಸಿದ ಹಳೆಯ ಅಕ್ಷರವನ್ನೇ ಆ ಕೆಲಸಕ್ಕೆ ಹಚ್ಚಿದರು. ಕನ್ನಡದ್ದು ನೇರ, ಇಂಗ್ಲಿಷಿನದ್ದು ವಕ್ರ ಎಂದು ಬೀಗುವ ಮೇಷ್ಟ್ರುಗಳೂ, ಇಂಗ್ಲಿಷಿನ ಮುಂದೆ ಕುಗ್ಗುವ ಮಕ್ಕಳೂ ಒಮ್ಮೆ ಈ ಬಂಡೆಯ ಹತ್ತಿರ ಬರಬೇಕು.

ಅದೇ ತಾಲ್ಲೂಕಿನ ಪ್ರೌಢಶಾಲೆಯೊಂದರ ಒಂಬತ್ತನೇ ತರಗತಿಯಲ್ಲಿ ಗೆಳೆಯನಿಗೆ ಪತ್ರ ಬರೆಯುವ ಪಾಠ ನಡೆದಿತ್ತು. ಸುತ್ತ ತೆಂಗಿನ ತೋಟ, ಕಾಂಪೌಂಡಿನಾಚೆ ಯಾರೋ ಗರಿ ಎಳೆದುಕೊಂಡು ಹೋಗುವ ಸದ್ದು. ಮಕ್ಕಳು ನೋಟ್‌ಬುಕ್ ಅದಲುಬದಲು ಮಾಡಿಕೊಂಡು ಒಬ್ಬರದ್ದನ್ನು ಒಬ್ಬರು ತಿದ್ದುತ್ತಿದ್ದರು. ಹುಡುಗನೊಬ್ಬ ಪತ್ರದ ಕೊನೆಯಲ್ಲಿ ನಿನ್ನನ್ನು ನೋಡುವ ಆಸೆಯಲ್ಲಿದ್ದೇನೆ ಎಂದು ಬರೆಯಲು ಹೋಗಿ 'ಹೋಪಿಂಗ್' ಪದಕ್ಕೆ ಎರಡು 'ಪಿ' ಹಾಕಿದ್ದ. ಅದು 'ಹಾಪಿಂಗ್' ಆಗಿ, ಕುಪ್ಪಳಿಸುತ್ತಿದ್ದೇನೆ ಎಂಬ ಅರ್ಥ ಬಂದಿತ್ತು. ತಿದ್ದುತ್ತಿದ್ದ ಹುಡುಗಿ ಒಂದು 'ಪಿ' ಹೊಡೆದುಹಾಕಿದಳು. ಅವನು ಒಪ್ಪಲಿಲ್ಲ. "ಹಾಪ್‌ಗೆ ಎರಡು ಪಿ ಬರುತ್ತೆ ಅಂತ ನೀನೇ ಹೇಳಿದ್ಯಲ್ಲ?" "ಹಾಪ್‌ಗೆ ಬರುತ್ತೆ, ಹೋಪ್‌ಗಲ್ಲ." "ಹೋಪ್‌ನಲ್ಲಿ ಇ ಇತ್ತು, ಈಗ ಎಲ್ಲಿ ಹೋಯ್ತು ಹಂಗಾದ್ರೆ?" ಸುತ್ತಲಿನ ನಾಲ್ಕು ತಲೆಗಳು ಆ ಪುಟದ ಮೇಲೆ ಬಾಗಿದವು. ಹುಡುಗಿ ಪೆನ್ಸಿಲ್ ತುದಿಯನ್ನು 'ಐ' ಮೇಲೆ ಇಟ್ಟಳು. "ಇ ಮಾಡ್ತಿದ್ದ ಕೆಲಸಾನ ಈಗ ಇದು ಮಾಡುತ್ತೆ. ಮಧ್ಯ ಒಂದೇ ಪಿ ಇದ್ರೆ ಹಿಂದಿನ ಓ ವರೆಗೂ ತಲುಪುತ್ತೆ. ಎರಡು ಪಿ ಇಟ್ರೆ ಅಡ್ಡ ಬರುತ್ತೆ, ಹಾಪ್ ಹಾಪ್ ಆಗೇ ಉಳಿಯುತ್ತೆ." ಹುಡುಗ ಪುಸ್ತಕ ಕಿತ್ತುಕೊಂಡು ಹಾಳೆಯ ಮೂಲೆಯಲ್ಲಿ ಟೇಪಿಂಗ್, ಟ್ಯಾಪಿಂಗ್, ಪ್ಲಾನಿಂಗ್ ಎಂದು ಒಂದೊಂದಾಗಿ ಬರೆದು ನೋಡತೊಡಗಿದ. "ಚೇಂಜಬಲ್ ಅನ್ನೋದ್ರಲ್ಲಿ ಇ ಬಿಟ್ಟಿಲ್ಲ ಕಣೆ, ಅದಕ್ಕೇನಂತೀಯಾ?" ಎಂದು ಹಿಂದಿನ ಬೆಂಚಿನವಳು ಪಾಠಪುಸ್ತಕ ಎತ್ತಿ ತೋರಿಸಿದಳು. ಹುಡುಗಿ ಒಂದು ಗಳಿಗೆ ನೋಡಿ, "ಜಿ ಇದೆಯಲ್ಲ, ಅದಕ್ಕೆ" ಎಂದಳು.